ಉಪ್ಪು ಬಿಟ್ಟವಳ ಮಹಿಮೆ

ಬುರುಲ್‌ಗೆ ಬೆಳಿಗ್ಗೆ ಎದ್ದಾಗಿನಿಂದ ಕೋಪ ಬಂದಿತ್ತು. ಬಂದಿದೆ ಎಂದು ತೋರಿಸಿಕೊಳ್ಳುವ ಹಾಗಿರಲಿಲ್ಲ. ಈ ಕೊಚ್ಕೋರ್ ಸೀಮೆಯಲ್ಲಿ ಯಾವ ಹೆಂಗಸಿಗೆ ಕೋಪ ಬರುವುದಿಲ್ಲ? ಪಕ್ಕದ ಮನೆಯ ಮುದುಕಿ ಕೋಪ ಬಂದರೆ ಸೌಟು ಎಸೆಯುತ್ತಾಳೆ, ಓರಗಿತ್ತಿ ಕೋಪ ಬಂದರೆ ಒಲೆಯನ್ನೇ ಹಚ್ಚುವುದಿಲ್ಲ, ಅದನ್ನು ಜನ ಕೋಪ ಎಂದೇ ಕರೆಯುತ್ತಾರೆ. ಬುರುಲ್ ಒಂದು ಬಟ್ಟಲನ್ನು ಸ್ವಲ್ಪ ಜೋರಾಗಿ ಇಟ್ಟರೆ ಸಾಕು, ಮನೆಯ ಕಣ್ಣುಗಳೆಲ್ಲ ಅವಳ ಮೇಲೆ ಬಂದು ಕೂರುತ್ತವೆ. ಕಾಯಿಲೆ ಮತ್ತೆ ಶುರುವಾಯ್ತಾ? ನಕ್ಕರೆ ಏರುತ್ತಿದೆ, ಸುಮ್ಮನಿದ್ದರೆ ಇಳಿಯುತ್ತಿದೆ. ಹೊಸ ಅಂಗಿ ಹಾಕಿಕೊಂಡರೆ ಏರುತ್ತಿದೆ, ತಲೆ ಬಾಚದಿದ್ದರೆ ಇಳಿಯುತ್ತಿದೆ. ಹಾಗಾಗಿ ಅವಳು ಕುದಿಯುವ ಎಣ್ಣೆಯ ಮುಂದೆ ನಿಂತು, ಮುಖವನ್ನು ನಡುಮಟ್ಟದಲ್ಲಿಟ್ಟುಕೊಂಡು, ಬೊರ್ಸೋಕ್‌ಗಳನ್ನು ಒಂದೊಂದಾಗಿ ತಿರುವುತ್ತಿದ್ದಳು. ಹಿಟ್ಟಿನ ಚೂರುಗಳು ಉಬ್ಬಿ ಉಬ್ಬಿ ಮೇಲೆ ಬರುತ್ತಿದ್ದವು. ಅವುಗಳನ್ನು ನೋಡಿಯೂ ಅವಳಿಗೆ ಸಿಟ್ಟು ಬಂತು.

ಇವತ್ತು ಮಗಳು ಚಿನಾರಾಳಿಗೆ ಓಲೆ ಹಾಕುವ ದಿನ. ಹುಡುಗನ ತಾಯಿ ಬಂದು ತನ್ನ ಕೈಯಾರೆ ಹುಡುಗಿಯ ಕಿವಿಗೆ ಓಲೆ ಹಾಕಿದರೆ ಮಾತು ಗಟ್ಟಿಯಾದ ಹಾಗೆ. ಹಾಕದೆ ಎದ್ದು ಹೋದರೆ ಆ ಹುಡುಗಿಯ ಬಾಗಿಲಿಗೆ ಇನ್ನೊಬ್ಬರು ಬರುವುದು ಅಷ್ಟರಲ್ಲೇ ಇದೆ. ಅಂಗಳದಲ್ಲಿ ಗಂಡ ಜಪಾರ್ ಕುರಿ ಕೊಯ್ದು ತೊಗಲು ಸುಲಿಯುತ್ತಿದ್ದ. ಅವನ ಅಕ್ಕ ಉಮ್ಸುನಾಯ್ ಬಾಣಲೆ ತುಂಬ ಅರ್ಚಾ ಸೊಪ್ಪಿನ ಹೊಗೆ ಹಾಕಿಕೊಂಡು ಮನೆಯೆಲ್ಲ ಸುತ್ತಿ, ಕೊನೆಗೆ ಅಡುಗೆಮನೆಗೆ ಬಂದು, ಬುರುಲ್‌ಳ ತಲೆಯ ಸುತ್ತ ಮೂರು ಸಲ ತಿರುಗಿಸಿದಳು. ಕಣ್ಣು ಉರಿಯಿತು. ಬುರುಲ್ ಕೆಮ್ಮಲಿಲ್ಲ. ಕೆಮ್ಮಿದರೆ ಅದಕ್ಕೂ ಒಂದು ಅರ್ಥ ಕಟ್ಟಿಬಿಡುತ್ತಾಳೆ ಈ ಮಹಾತಾಯಿ.

"ನೋಡು ಬುರುಲ್, ಇವತ್ತೊಂದು ದಿನ ನನ್ನ ಮಾತು ಕೇಳು," ಎಂದಳು ಉಮ್ಸುನಾಯ್. "ಬಿಳಿ ವಸ್ತ್ರ ತಲೆಗೆ ಕಟ್ಕೋ. ಬಾಗಿಲಿಗೆ ಎದುರಾಗಿ ಹಿರಿಯರ ಜಾಗದಲ್ಲಿ ಕೂತ್ಕೋ. ಕೇಳಿದ್ದಕ್ಕೆ ಮಾತ್ರ ಉತ್ತರ. ಕೈ ಚಾಚಿದ್ರೆ ನಾಡಿ ಹಿಡಿ, ಕಣ್ಣು ಮುಚ್ಚು, ತುಟಿ ಅಲ್ಲಾಡಿಸು. ಅಷ್ಟೇ."

"ನನಗೆ ನಾಡಿ ನೋಡೋಕೆ ಬರಲ್ಲ ಅಕ್ಕ."

"ಯಾರಿಗೆ ಬರತ್ತೆ? ಹಿಡಿ ಅಂದೆ, ನೋಡು ಅಂದ್ನಾ?"

"ಸುಳ್ಳಲ್ವಾ ಅದು?"

ಉಮ್ಸುನಾಯ್ ಬಾಣಲೆ ಕೆಳಗಿಟ್ಟಳು. "ಚಿನಾರಾ ಹುಚ್ಚಿ ಮಗಳು ಅನ್ನಿಸ್ಕೊಂಡು ಆ ಮನೆಗೆ ಹೋಗ್ಬೇಕಾ, ಒಳಗಣ್ಣು ತೆರೆದ ತಾಯಿ ಮಗಳು ಅನ್ನಿಸ್ಕೊಂಡು ಹೋಗ್ಬೇಕಾ? ನೀನೇ ಹೇಳು."

"ಕಾಯಿಲೆ ಇರೋಳ ಮಗಳು ಅಂತ ಹೋಗೋಕಾಗಲ್ವಾ?"

"ಹಂಗಂತ ಒಂದು ಜಾಗನೇ ಇಲ್ಲ ಕಣೇ."

ಅದು ನಿಜ. ಅದು ನಿಜವಾದದ್ದರಿಂದಲೇ ಬುರುಲ್‌ಗೆ ಮೈಯೆಲ್ಲ ಉರಿಯಿತು. ಈ ಅತ್ತಿಗೆ ಬಾಯಿ ಬಿಟ್ಟರೆ ಸುಳ್ಳು, ಆದರೆ ಆಗಾಗ ಒಂದು ನಿಜವನ್ನು ಹೀಗೆ ಹೊಗೆಸೊಪ್ಪು ಉಗಿದ ಹಾಗೆ ಉಗಿದು ಹೋಗಿಬಿಡುತ್ತಾಳೆ. ಒಂದೋ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಸಿಕೊಂಡು ಕೂರು, ಇಲ್ಲವೋ ಮುಂದಿನ ಕೋಣೆಯಲ್ಲಿ ಬಿಳಿ ವಸ್ತ್ರ ಕಟ್ಟಿಕೊಂಡು ಕೂರು. ನಡುವೆ ಒಲೆಯ ಮುಂದೆ ನಿಂತು ಬೊರ್ಸೋಕ್ ಕರಿಯುವ, ಬೆಳಿಗ್ಗೆ ಸಂಜೆ ಮಾತ್ರೆ ನುಂಗುವ, ಸಾಧಾರಣ ಹೆಂಗಸೊಬ್ಬಳು ಇದ್ದಾಳೆಂದು ಯಾರಿಗೂ ಬೇಕಾಗಿಲ್ಲ. ಜಪಾರ್ ಕೈಯಲ್ಲಿ ರಕ್ತದ ಚಾಕು ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. "ಒಂದು ದಿನ ತಾನೇ ಬುರುಲ್," ಎಂದ. ಇಡೀ ದಾಂಪತ್ಯದಲ್ಲಿ ಅವನು ಹೇಳಿದ್ದು ಇದೊಂದೇ ಮಾತೇನೋ ಎನಿಸಿತು ಅವಳಿಗೆ.

ಒಂದು ದಿನ ತಾನೇ. ಹೋದ ಶರತ್ಕಾಲದಲ್ಲೂ ಹಾಗೆಯೇ ಅಂದಿದ್ದ. ಮಜಾರಿನ ಪುಣ್ಯಕ್ಷೇತ್ರದ ಹತ್ತಿರ ಒಬ್ಬ ತಬೀಬ, ನಾಟಿವೈದ್ಯ, ಬಂದಿದ್ದಾನೆ, ಬೇರು ಸೊಪ್ಪಿನಲ್ಲೇ ಎಂಥೆಂಥ ತಲೆಗಳನ್ನು ನೆಟ್ಟಗೆ ಮಾಡಿದ್ದಾನೆ, ಒಂದು ದಿನ ಹೋಗಿಬಂದರೆ ಏನು ನಷ್ಟ. ಬೆಟ್ಟದ ಬುಡದಲ್ಲಿ ಪವಿತ್ರವೆನ್ನುವ ಊಟೆಯ ಪಕ್ಕ, ಪೊದೆಗೆ ಕಟ್ಟಿದ ಬಟ್ಟೆಚೂರುಗಳ ನಡುವೆ ಅವನು ಕೂತಿದ್ದ. ನೋಡಲು ಒಳ್ಳೆಯವನೇ. ದಪ್ಪ ಕೈ, ಮೆತ್ತಗಿನ ದನಿ. ಎಲ್ಲ ಕೇಳಿ, ಉಪ್ಪು ಬಿಡು ತಾಯಿ, ಉಪ್ಪಿನಿಂದ ರಕ್ತ ಕಾವೇರಿದೆ ಎಂದ. ಮಾತ್ರೆ ಬಿಡು ಅನ್ನಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯಾತ್ಮ. ಅವಳಿಗೂ ಆಸೆ. ಯಾರಿಗಿಲ್ಲ? ಸಾಯುವವರೆಗೆ ಮಾತ್ರೆ ಎಂದು ಹೇಳಿಸಿಕೊಂಡವಳಿಗೆ ಯಾರಾದರೂ ಒಂದು ಚಿಟಿಕೆ ಉಪ್ಪಿನಲ್ಲಿದೆ ನಿನ್ನ ಬಿಡುಗಡೆ ಎಂದರೆ ಯಾಕೆ ನಂಬಬಾರದು? ಉಪ್ಪು ಬಿಟ್ಟಳು. ಸಪ್ಪೆ ಸಾರು, ಸಪ್ಪೆ ಮಾಂಸ, ಸಪ್ಪೆ ರೊಟ್ಟಿ. ಸ್ವಲ್ಪ ದಿನಕ್ಕೆ ಕೈ ನಡುಗಲು ಶುರುವಾಯಿತು. ಆಮೇಲೆ ವಾಂತಿ. ನಾಲಿಗೆ ದಪ್ಪವಾಗಿ ಮಾತು ತೊದಲಿತು. ಅಂಗಳ ದಾಟಲು ಗೋಡೆ ಹಿಡಿಯಬೇಕಾಯಿತು. ಉಮ್ಸುನಾಯ್ ಕೈಯೆತ್ತಿ ಅಂಗಳದಲ್ಲೇ ಕೂಗಿದಳು, ಇಳೀತಿದೆ, ಹಿರಿಯರ ಶಕ್ತಿ ಇಳೀತಿದೆ, ಇಷ್ಟು ವರ್ಷ ಅದನ್ನ ಕಾಯಿಲೆ ಅಂದ್ಕೊಂಡ್ವಲ್ಲ ನಾವು ಪಾಪಿಗಳು! ನೆರೆಯವರು ಬಂದರು. ನಡುಗುವ ಆ ಕೈಯನ್ನು ಹಿಡಿದು ಒಬ್ಬೊಬ್ಬರಾಗಿ ತಮ್ಮ ಹಣೆಗೆ ಒತ್ತಿಕೊಂಡರು. ಅವಳು ಪಾತ್ರೆ ಕೊಡಿ ವಾಂತಿ ಬರ್ತಿದೆ ಎಂದು ತೊದಲಿದರೆ, ಏನು ಅಪ್ಪಣೆಯಾಯಿತು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ನರಿನ್ ಆಸ್ಪತ್ರೆಗೆ ಒಯ್ದಾಗ ಅಲ್ಲಿಯ ಡಾಕ್ಟರಮ್ಮ ತಲೆ ಚಚ್ಚಿಕೊಂಡಳು. "ಉಪ್ಪು ಬಿಡು ಅಂತ ಯಾವನಮ್ಮ ಹೇಳಿದ್ದು? ನೀನು ನುಂಗೋ ಲಿಥಿಯಂ ಕೂಡ ಒಂದು ಥರದ ಉಪ್ಪೇ. ಆ ಉಪ್ಪು ನಿಲ್ಲಿಸಿದ್ರೆ ಈ ಉಪ್ಪು ರಕ್ತದಲ್ಲಿ ಏರತ್ತೆ. ಇನ್ನು ನಾಲ್ಕು ದಿನ ತಡ ಮಾಡಿದ್ರೆ ಹೆಣ ತಗೊಂಡು ಹೋಗ್ಬೇಕಿತ್ತು." ಡ್ರಿಪ್ ಹಾಕಿದರು, ಕೈನಡುಕ ನಿಂತಿತು, ಮನೆಗೆ ಬಂದಳು. ಆದರೆ ಆಸ್ಪತ್ರೆಯ ಮಾತನ್ನು ಯಾರು ಊರಿಗೆ ಹೇಳುತ್ತಾರೆ? ಊರಿಗೆ ತಲುಪಿದ್ದು ಅಂಗಳದ ಕೂಗು. ಅವತ್ತಿನಿಂದ ಆಗಾಗ ಯಾರೋ ಬಾಗಿಲಿಗೆ ಬಂದು ಮುಂಗೈ ಚಾಚುತ್ತಾರೆ. ಸಾಯುವಷ್ಟು ಹತ್ತಿರ ಹೋಗಿದ್ದನ್ನೇ ಮಹಿಮೆ ಎಂದರಲ್ಲ ಎಂದು ನೆನೆದಾಗಲೆಲ್ಲ ಅವಳಿಗೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಪ್ರಾರ್ಥನೆಯಲ್ಲಿ ಅವಳು ದೇವರನ್ನು ಶಕ್ತಿ ಕೇಳಿದವಳಲ್ಲ. ನಸುಕಿನಲ್ಲಿ ನಮಾಜು ಮುಗಿಸಿ, ಹೊಳೆಯ ದಂಡೆಯಲ್ಲಿ ನಡೆದು, ಹಗಲೆಲ್ಲ ಉಣ್ಣೆ ತಟ್ಟಿ ಶಿರ್ದಕ್ ಜಮಖಾನೆ ಹೊಲಿದು, ಸಂಜೆ ಚಹಾ ಬಿಟ್ಟು ಬೆಟ್ಟದ ಸೊಪ್ಪಿನ ಕಷಾಯ ಕುಡಿದು, ಕತ್ತಲಾದರೆ ಮಲಗುತ್ತಾಳೆ. ಈ ದಿನಚರಿಯನ್ನು ಅವಳು ಕಲ್ಲು ಕಲ್ಲು ಸೇರಿಸಿ ಕಟ್ಟಿದ್ದಾಳೆ. ಅದರಲ್ಲಿ ದೇವರೂ ಇದ್ದಾನೆ, ಸೊಪ್ಪೂ ಇದೆ, ಮಾತ್ರೆಯೂ ಇದೆ. ಒಂದನ್ನು ಕಿತ್ತರೆ ಉಳಿದದ್ದು ಕುಸಿಯುತ್ತದೆಂದು ಅವಳಿಗೆ ಗೊತ್ತು. ಕೀಳಲು ಬರುವವರು ಮಾತ್ರ ಯಾವಾಗಲೂ ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ.

ನಾಯಿ ಬೊಗಳಿತು. ಬೀಗರ ಕಾರು ಬಂತು.

ಕಾರು ನಿಂತದ್ದೇ ತಡ, ಹುಡುಗ ಇಳಿದಿದ್ದ. ಸಾಮಾನ್ಯವಾಗಿ ಓಲೆ ಹಾಕಲು ಹುಡುಗ ಬರುವುದಿಲ್ಲ. ಇವನು ನಾನೇ ಕಾರು ಓಡಿಸುತ್ತೇನೆಂದು ಹಟ ಹಿಡಿದು ಬಂದನಂತೆ. ಕುಬಾತ್ ಎತ್ತರದವನು, ಚೆಲುವ, ಮುಖ ತುಂಬ ನಗು. ಜಪಾರನ ಎರಡೂ ಕೈ ಹಿಡಿದು ಕುಲುಕಿದ, ಮುದುಕರನ್ನೆಲ್ಲ ಅಪ್ಪಿಕೊಂಡ, ಓರೆಯಾಗಿದ್ದ ಗೇಟು ನೋಡಿ ಸುತ್ತಿಗೆ ತನ್ನಿ ಎಂದ, ತಂದುಕೊಟ್ಟ ಮೇಲೆ ಅಂಗಿಯ ತೋಳು ಮಡಿಚಿ ಬಡಿದು ನೆಟ್ಟಗೆ ಮಾಡಿದ, ಬಡಿಯುತ್ತಲೇ ತಾನು ಕಟ್ಟಲಿರುವ ಹೋಟೆಲಿನ ಬಗ್ಗೆ, ಕೊಳ್ಳಲಿರುವ ಕುದುರೆಗಳ ಬಗ್ಗೆ, ಸೊನ್‌ಕುಲ್ ಸರೋವರಕ್ಕೆ ಬರುವ ಪರದೇಶಿಗಳ ಬಗ್ಗೆ ಹೇಳಿದ. ಒಂದು ಮಾತು ಮುಗಿಯುವ ಮೊದಲು ಇನ್ನೊಂದು ಅದರ ಕಾಲು ತುಳಿಯುತ್ತಿತ್ತು. "ಎಂಥ ಚುರುಕು ಹುಡುಗ ನೋಡೇ," ಎಂದು ಓರಗಿತ್ತಿ ಪಿಸುಗುಟ್ಟಿದಳು. "ಕಾಲು ನೆಲದ ಮೇಲೇ ನಿಲ್ಲಲ್ಲ." ಬುರುಲ್ ಕಿಟಕಿಯಿಂದ ನೋಡುತ್ತಿದ್ದಳು. ಅವನ ಕಣ್ಣು ನೋಡಿದಳು. ಕೆಳಗೆ ಕಪ್ಪು ಕಟ್ಟಿದೆ, ಒಳಗೆ ಮಿರಮಿರ ಮಿಂಚುತ್ತಿದೆ. ಆ ಕಣ್ಣು ಅವಳಿಗೆ ಪರಿಚಯ. ಒಂದು ವಸಂತದಲ್ಲಿ ಕನ್ನಡಿಯೊಳಗಿನಿಂದ ಅದೇ ಕಣ್ಣು ಅವಳನ್ನು ನೋಡಿತ್ತು. ಆಗ ಅವಳು ವಾರವಿಡೀ ಮಲಗಿರಲಿಲ್ಲ, ಮಲಗುವ ಜನ ದಡ್ಡರೆಂದು ನಗು ಬರುತ್ತಿತ್ತು. ತಾಯಿ ಕೊಟ್ಟಿದ್ದ ಜಮಖಾನೆಗಳನ್ನೆಲ್ಲ ದಾರಿಹೋಕರಿಗೆ ಹಂಚಿದಳು. ಚಿನಾರಾಳ ಶಾಲೆಗೆ ನುಗ್ಗಿ, ಮಕ್ಕಳ ಮುಂದೆ ಮೇಜು ಹತ್ತಿ ಹಾಡಿದಳು. ಮಕ್ಕಳು ಚಪ್ಪಾಳೆ ತಟ್ಟಿದರು, ಚಿನಾರಾ ಒಬ್ಬಳೇ ಬೆಂಚಿನ ಕೆಳಗೆ ತಲೆ ತೂರಿಸಿ ಕೂತಿದ್ದಳು. ಆಮೇಲೆ ಬೇಸಿಗೆಯೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದಾಗ ಅದೇ ಹುಡುಗಿ ಚಹಾ ತಂದು ಬೆನ್ನ ಹಿಂದೆ ಇಡುತ್ತಿದ್ದಳು. ಬಟ್ಟಲು ಇಟ್ಟ ಶಬ್ದ ಬರುತ್ತಿತ್ತು, ತಿರುಗಲು ಆಗುತ್ತಿರಲಿಲ್ಲ. ತಣ್ಣಗಾದ ಚಹಾವನ್ನು ಮಗು ಮತ್ತೆ ತೆಗೆದುಕೊಂಡು ಹೋಗುತ್ತಿತ್ತು. ಓರಗಿತ್ತಿ ಮೊಣಕೈಯಿಂದ ತಿವಿದು, "ಏನ್ ನಿಂತ್ಕೊಂಡೆ, ಹೋಗಿ ಕೂತ್ಕೋ," ಎಂದಳು.

ಊಟದ ಬಟ್ಟೆ ಹಾಸಿದ್ದರು. ಬುರುಲ್ ಬಿಳಿ ವಸ್ತ್ರ ಕಟ್ಟಿಕೊಂಡು ಹಿರಿಯರ ಜಾಗದಲ್ಲಿ ಕೂತಳು. ಕೆನೆ, ಹಣ್ಣಿನ ಜಾಮ್, ಒಣದ್ರಾಕ್ಷಿ, ಬೊರ್ಸೋಕ್ ರಾಶಿ. ಹುಡುಗನ ತಾಯಿ ಕಾಲಿಚಾ ದಪ್ಪ ಹೆಂಗಸು, ಒಳಗೆ ಬಂದವಳೇ ಬಾಗಿ ಬುರುಲ್‌ಳ ಅಂಗಿಯ ಅಂಚನ್ನು ಕಣ್ಣಿಗೆ ಒತ್ತಿಕೊಂಡಳು. ಬುರುಲ್ ಕಾಲು ಹಿಂದೆಳೆದುಕೊಂಡಳು. ಉಮ್ಸುನಾಯ್ ಬೆನ್ನಿಗೆ ಬೆರಳು ಒತ್ತಿದಳು. ಮಾಂಸ ಬಂತು. ಯಾರಿಗೆ ಯಾವ ಮೂಳೆ ಎಂಬುದರಲ್ಲಿ ಈ ಜನ ತಪ್ಪುವುದಿಲ್ಲ. ತಪ್ಪಿದರೆ ತಲೆಮಾರುಗಟ್ಟಲೆ ಮಾತು ಬಿಡುತ್ತಾರೆ. ಇಷ್ಟು ವರ್ಷ ಬುರುಲ್‌ಗೆ ಸಿಗುತ್ತಿದ್ದದ್ದು ಅಡುಗೆಮನೆಯಲ್ಲಿ ನಿಂತು ತಿನ್ನುವ ಪಕ್ಕೆಲುಬಿನ ಚೂರು. ಇವತ್ತು ಉಮ್ಸುನಾಯ್ ಬಾಲದ ಬುಡದ ಕೊಬ್ಬಿನ ಮೂಳೆಯನ್ನೇ ತಂದು ಅವಳ ಮುಂದಿಟ್ಟಳು. ಅದು ಮೊಮ್ಮಕ್ಕಳನ್ನು ಕಂಡ ಹಿರಿಯ ಹೆಂಗಸರಿಗೆ ಇಡುವ ಮೂಳೆ. ಸುತ್ತ ಕೂತ ಮುದುಕಿಯರು ತಮ್ಮ ತಟ್ಟೆ ನೋಡಿಕೊಂಡರು. ಈ ಮಾಂಸಕ್ಕೆ ಉಪ್ಪು ಹಾಕಿದ್ದಾರಾ ಎಂದು ಗಟ್ಟಿಯಾಗಿ ಕೇಳಿಬಿಡಬೇಕು ಅನಿಸಿತು. ನಗು ಬಂತು, ನುಂಗಿದಳು.

ಊಟದ ನಡುವೆ ಕಾಲಿಚಾ ಅವಳ ಕೈ ಹಿಡಿದು, ಒಂದು ಮಾತಿದೆ ಎಂದು ಪಕ್ಕದ ಕೋಣೆಗೆ ಕರೆದೊಯ್ದಳು. ಬಾಗಿಲು ಹಾಕಿದಳು. ಮುಂಗೈ ಚಾಚಿದಳು. ಬುರುಲ್ ಹಿಡಿದುಕೊಂಡಳು, ಬೆರಳಡಿಯಲ್ಲಿ ರಕ್ತ ಓಡುತ್ತಿತ್ತು, ಎಲ್ಲರ ಕೈಯಲ್ಲೂ ಓಡುವ ಹಾಗೆ.

"ನನ್ನ ನಾಡಿಗಲ್ಲ ಬೀಗತಿ ನಾನು ಬಂದಿದ್ದು," ಕಾಲಿಚಾ ಪಿಸುಗುಟ್ಟಿದಳು. "ಮಗನಿಗೆ. ನಿಮ್ಮಂಥವರಿಂದ ಮುಚ್ಚಿಟ್ಟು ಪ್ರಯೋಜನ ಇಲ್ಲ, ನಿಮಗೆ ಕಾಣತ್ತೆ. ಎರಡು ವರ್ಷದ ಹಿಂದೆ ಹಿಂಗೇ ಹುಮ್ಮಸ್ಸು ಬಂದಿತ್ತು. ನಿದ್ದೆ ಇಲ್ಲ, ಊಟ ಇಲ್ಲ, ದಿನಕ್ಕೊಂದು ಯೋಜನೆ. ಆಮೇಲೆ ಚಳಿಗಾಲ ಪೂರ್ತಿ ಮಲಗೇಬಿಟ್ಟ. ಒಂದಿನ ಹಗ್ಗ ತಗೊಂಡು ಕೊಟ್ಟಿಗೆಗೆ ಹೋಗಿದ್ದ." ಬಾಗಿಲು ಹಾಕಿದೆಯೇ ಎಂದು ಒಮ್ಮೆ ತಿರುಗಿ ನೋಡಿದಳು. "ಬಿಷ್ಕೆಕ್‌ನಲ್ಲಿ ಡಾಕ್ಟರು ಏನೋ ಉದ್ದದ ಹೆಸರು ಹೇಳಿ ಮಾತ್ರೆ ಬರೆದ್ರು. ಊರಿಗೆ ಗೊತ್ತಾದ್ರೆ ಹೆಣ್ಣು ಕೊಡೋರು ಯಾರು? ನಾನೇ ತೆಗೆದು ಒಲೆಗೆ ಹಾಕ್ದೆ. ಬೇಸಿಗೆಗೆ ಮೇಲಿನ ಹುಲ್ಲುಗಾವಲಿಗೆ ಕಳಿಸಿ ಕುದುರೆಹಾಲು ಕುಡಿಸಿದ್ವಿ. ಮುಲ್ಲಾ ತಾಯತ ಕಟ್ಟಿದ. ತಣ್ಣೀರಲ್ಲಿ ಸ್ನಾನ. ಸರಿಹೋದ. ಮದುವೆ ಆದ್ರೆ ಪೂರಾ ಸರಿಹೋಗ್ತಾನೆ ಅಂದ್ರು. ನೀವು ಹೇಳಿ, ಅದು ಕಾಯಿಲೆ ಅಲ್ಲ ಅಲ್ವಾ? ನಿಮಗೆ ಇಳಿದಿದ್ದೇ ಅವನಿಗೂ ಇಳೀತಿದೆ ಅಲ್ವಾ?"

ಬುರುಲ್ ಕೈ ಬಿಟ್ಟಳು. "ಈಗ ನಿದ್ದೆ ಮಾಡ್ತಾನಾ?"

"ಎಲ್ಲಿಂದ? ಖುಷಿ. ಮದುವೆ ಹುಡುಗ."

"ಬೀಗತಿ, ನಾಳೆನೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ನಾಳೆ ಬೇಡ, ಇವತ್ತೇ ಹೋಗಿ. ಆ ಮಾತ್ರೆ ಮತ್ತೆ ಕೊಡ್ಸಿ."

ಕಾಲಿಚಾ ಅವಳನ್ನು ನೋಡಿದಳು. ಮೆಲ್ಲಗೆ ಅವಳ ಮುಖದ ಮೇಲೆ ಒಂದು ಭಕ್ತಿಯ ನಗು ಹರಡಿತು. "ಹೇಳಿದ್ರು ನನಗೆ. ದೊಡ್ಡವರು ಮೊದಲು ಹಿಂಗೇ ತಿರುಗಿಸಿ ಹೇಳಿ ಪರೀಕ್ಷೆ ಮಾಡ್ತಾರಂತೆ. ನಾನು ಹೆದರಲ್ಲ ತಾಯಿ. ನನ್ನ ನಂಬಿಕೆ ಗಟ್ಟಿ." ಬಾಗಿ ಮತ್ತೆ ಅಂಗಿಯ ಅಂಚು ಕಣ್ಣಿಗೊತ್ತಿಕೊಂಡು ಹೊರಗೆ ಹೋದಳು.

ಬುರುಲ್ ಅಲ್ಲೇ ನಿಂತಳು. ಹುಚ್ಚಿ ಹೇಳಿದರೆ ಹುಚ್ಚಿನ ಮಾತು, ಮಹಾತಾಯಿ ಹೇಳಿದರೆ ಪರೀಕ್ಷೆ. ತನ್ನ ಬಾಯಿಂದ ಬಂದ ಮಾತು ಬರೀ ಮಾತಾಗಿ ಒಬ್ಬರ ಕಿವಿಗಾದರೂ ಬೀಳುವುದು ಯಾವಾಗ? ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನಿಸಿತು. ಅದನ್ನೂ ಇಳಿಯುವುದು ಎನ್ನುತ್ತಾರೆ, ಬೇಡ. ಮೋಸ ಮಾಡಿದ್ದಾರೆ, ಮೋಸ, ಕಾಯಿಲೆಯ ಹುಡುಗನನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದು ರಕ್ತ ಕುದಿಯಿತು. ಆ ಕುದಿತದ ನಡುವೆಯೇ ಒಳಗಿನಿಂದ ಇನ್ನೊಂದು ದನಿ ಬಂತು. ನೀವೇನು ಮಾಡುತ್ತಿದ್ದೀರಿ? ಅದೇ ಊಟದ ಬಟ್ಟೆಯ ಈ ತುದಿಯಲ್ಲಿ ನೀವು, ಆ ತುದಿಯಲ್ಲಿ ಅವರು. ಕಾಯಿಲೆಯ ಹುಡುಗ ಎಂದೆಯಲ್ಲ, ಅಷ್ಟು ಬೇಗ ಎಲ್ಲಿಂದ ಬಂತು ಆ ಮಾತು ನಿನ್ನ ಬಾಯಿಗೆ? ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಮತ್ತೆ ಕೋಪ ಬಂತು.

ಚಿನಾರಾ ಮೂಲೆಯ ಕೋಣೆಯಲ್ಲಿ ಗೆಳತಿಯರ ನಡುವೆ ಬಿಳಿ ಮುಸುಕು ಹಾಕಿ ಕೂತಿದ್ದಳು. ಬುರುಲ್ ಎಲ್ಲರನ್ನೂ ಹೊರಗೆ ಕಳಿಸಿದಳು. ಹುಡುಗಿಯರು ಹೋಗುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಚಿನಾರಾ, ಆ ಹುಡುಗ..."

"ಗೊತ್ತು ಅಮ್ಮ."

"ಏನು ಗೊತ್ತು?"

"ಅವನೇ ಹೇಳಿದ. ಊರಿನ ಶಿಶುವಿಹಾರದ ಹತ್ರ ಮೊದಲ ಸಲ ಭೇಟಿ ಆದಾಗ್ಲೇ. ನನಗೆ ಹಿಂಗಾಗಿತ್ತು, ಹಗ್ಗ ತಗೊಂಡು ಹೋಗಿದ್ದೆ, ನಿನಗೆ ಬೇಡ ಅನ್ನಿಸಿದ್ರೆ ಈಗ್ಲೇ ಹೇಳು ಅಂದ."

ಬುರುಲ್ ಮಗಳ ಪಕ್ಕ ಕೂತಳು. ಆ ಹುಡುಗನ ಮೇಲೆ ಒಂದು ಕ್ಷಣ ಎದೆ ತುಂಬಿ ಬಂತು. "ನೀನು? ನನ್ನ ವಿಷಯ ನೀನು ಅವನಿಗೆ ಹೇಳಿದ್ಯಾ?"

ಚಿನಾರಾ ಮುಸುಕಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಇಲ್ಲ."

"ಅವನು ಅಷ್ಟು ಹೇಳಿದ ಮೇಲೂ?"

"ನಾಚಿಕೆ ಆಯ್ತು." ಹುಡುಗಿ ತಲೆ ಎತ್ತಿದಳು, ಕಣ್ಣು ಕೆಂಪಗಿತ್ತು. "ಉಮ್ಸುನಾಯ್ ಅತ್ತೆ ಹೇಳಿದ್ದನ್ನೇ ಹೇಳ್ದೆ. ಅಮ್ಮನಿಗೆ ಶಕ್ತಿ ಇದೆ ಅಂತ. ಮೇಜು ಹತ್ತಿ ಹಾಡಿದ್ಯಲ್ಲ ನೀನು, ಇವತ್ತಿಗೂ ಆ ಶಾಲೆ ಮುಂದೆ ನಡೆಯೋಕಾಗಲ್ಲ ನನಗೆ. ಏನಂತ ಹೇಳ್ಲಿ? ಮತ್ತೆ ಅವನದ್ದು ನಿನ್ನ ಥರ ಅಲ್ಲ ಅಮ್ಮ. ಅವನದ್ದು ಸ್ವಲ್ಪ. ಅವರಮ್ಮ ನೋಡ್ಕೋತಾರೆ, ನಾನು ನೋಡ್ಕೋತೀನಿ, ಬೇಸಿಗೆಗೆ ಹುಲ್ಲುಗಾವಲಿಗೆ ಹೋಗ್ತೀವಿ, ನಮಾಜು ಮಾಡಿಸ್ತೀನಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಮಾತ್ರೆ ಬೇಕಾಗಲ್ಲ."

"ನಾನು ನಮಾಜು ಮಾಡಲ್ವಾ? ಹೊತ್ತಿಗೆ ಮಲಗಲ್ವಾ? ಅದೆಲ್ಲ ಬೇಕು ಕಣೇ, ಬೇಡ ಅಂದ್ನಾ? ಮಾತ್ರೆಯ ಜೊತೆಗೆ ಬೇಕು."

"ನಿನ್ನ ಥರ ಅಲ್ಲ ಅಂದೆನಲ್ಲ!" ಚಿನಾರಾ ಕಿರುಚಿದಳು. ಕಿರುಚಿ ತಾನೇ ಬಾಯಿ ಮುಚ್ಚಿಕೊಂಡಳು. ಅವಳು ಕಿರುಚಿದ್ದನ್ನು ಯಾರೂ ಕಾಯಿಲೆ ಅನ್ನುವುದಿಲ್ಲ. "ಇವತ್ತು ಹಾಳು ಮಾಡ್ಬೇಡ ಅಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಇದೊಂದು ಹಾಳು ಮಾಡ್ಬೇಡ."

ಇದೊಂದು. ಅಂದರೆ ಉಳಿದದ್ದೆಲ್ಲ ಹಾಳು ಮಾಡಿದವಳು ನೀನು ಎಂದಾಯಿತು. ಬುರುಲ್ ಎದ್ದಳು. ಮಗಳ ಮುಸುಕು ಸರಿಮಾಡಬೇಕೆಂದು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಈ ಮಗುವಿನ ಮೇಲೆ ಕೋಪ ಮಾಡಿಕೊಳ್ಳಲು ಅವಳಿಗೆ ಆಗಲಿಲ್ಲ, ಆಗದೆ ಇರಲೂ ಇಲ್ಲ. ಬೆಂಚಿನ ಕೆಳಗೆ ತಲೆ ತೂರಿಸಿದ್ದ ಹುಡುಗಿ ಇಷ್ಟು ವರ್ಷವಾದರೂ ಹೊರಗೆ ಬಂದಿಲ್ಲ. ಹೊರಗೆ ಬಾ ಎಂದು ಕರೆಯಲು ತನಗೆ ಬಾಯಿಯಾದರೂ ಎಲ್ಲಿತ್ತು? ತಾಯಿಯ ಬಾಯಿಗೆ ಬೀಗ ಹಾಕಿ ಬೀಗದ ಕೈಯನ್ನು ಅತ್ತಿಗೆಯ ಸೊಂಟಕ್ಕೆ ಕಟ್ಟಿದ ಮನೆ ಇದು. ನಾಳೆ ಇನ್ನೊಂದು ಮನೆಯಲ್ಲಿ ಇದೇ ಹುಡುಗಿ ಸೊಸೆಯಾಗಿ ಗೋಡೆಯ ಕಡೆ ತಿರುಗಿ ಮಲಗಿದವನ ಬೆನ್ನ ಹಿಂದೆ ಚಹಾ ಇಡುತ್ತಾಳೆ. ಹೊರಗೆ ಬಂದು ನನ್ನ ಗಂಡನಿಗೆ ಹಿರಿಯರ ಶಕ್ತಿ ಇಳಿಯುತ್ತಿದೆ ಎನ್ನುತ್ತಾಳೆ. ಕೊಟ್ಟಿಗೆಯ ಹಗ್ಗ ಅಲ್ಲೇ ಗೂಟಕ್ಕೆ ತೂಗುತ್ತಿರುತ್ತದೆ.

ಹಜಾರದ ಇರುಕಿನಲ್ಲಿ ಕುಬಾತ್ ಎದುರಾದ. ಓಡುತ್ತ ಬರುತ್ತಿದ್ದವನು ನಿಂತ. ನಗು ಹಾಗೇ ಇತ್ತು. "ಅತ್ತೆ! ನಿಮ್ಮ ಗೇಟು ಸರಿಮಾಡ್ದೆ, ಸೂರಿಗೂ ಬಣ್ಣ ಹೊಡೀತೀನಿ, ನೀಲಿ, ಇವತ್ತೇ ಬೇಕಾದ್ರೂ..." ಮಾತು ತಾನಾಗಿಯೇ ತುಂಡಾಯಿತು. ಸುತ್ತ ನೋಡಿ, ಮುಂಗೈ ಚಾಚಿದ. "ನೀವು ನೋಡ್ತೀರಂತಲ್ಲ. ನೋಡಿ. ನನಗೆ ಭಯ ಆಗ್ತಿದೆ. ತಲೆಯೊಳಗೆ ಓಡ್ತಿದೆ ಎಲ್ಲ. ನಿಲ್ಸೋಕಾಗ್ತಿಲ್ಲ. ಹೇಳಿದ್ರೆ ಎಲ್ರೂ ಖುಷಿ ಅಂತಾರೆ."

ಬುರುಲ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾಡಿ ಹಿಡಿಯಲಿಲ್ಲ, ಕೈಯನ್ನು ಹಿಡಿದಳು. ಬಾಯಿ ತೆರೆಯುವಷ್ಟರಲ್ಲಿ ಉಮ್ಸುನಾಯ್ ಬಂದು ಇಬ್ಬರನ್ನೂ ಕುರಿ ಅಟ್ಟಿದ ಹಾಗೆ ಒಳಗಟ್ಟಿದಳು. "ಬನ್ನಿ ಬನ್ನಿ, ಓಲೆ ಹೊತ್ತಾಯ್ತು. ಬೀಗತಿ ಕಾಯ್ತಿದ್ದಾಳೆ."

ಕಾಲಿಚಾ ಓಲೆಯ ಪೆಟ್ಟಿಗೆ ತೆರೆದು ಬಟ್ಟೆಯ ಮೇಲಿಟ್ಟಿದ್ದಳು. ಚಿನಾರಾಳನ್ನು ಕರೆತಂದು ನಡುವೆ ಕೂರಿಸಿದರು. "ಇಂಥ ಮನೇಲಿ ನಾನು ಮೊದಲು ಕೈ ಹಾಕಲ್ಲ," ಎಂದಳು ಕಾಲಿಚಾ ಎಲ್ಲರಿಗೂ ಕೇಳುವ ಹಾಗೆ. "ತಾಯಿ ಬತಾ ಕೊಡಲಿ. ಆಮೇಲೆ ಓಲೆ." ಬತಾ ಎಂದರೆ ಹಿರಿಯರ ಹಾರೈಕೆ. ಕೊಡುವವರು ಕೈ ಬೊಗಸೆ ಮಾಡಿ ಹಿಡಿದರೆ ಕೂತವರೆಲ್ಲ ಹಿಡಿಯಬೇಕು. ಕೊಡುವವರು ಓಮಿನ್ ಎಂದು ಮುಖ ಸವರಿಕೊಳ್ಳುವವರೆಗೆ ಯಾರೂ ಮಾತಾಡುವ ಹಾಗಿಲ್ಲ, ಏಳುವ ಹಾಗಿಲ್ಲ, ಕೈ ಇಳಿಸುವ ಹಾಗಿಲ್ಲ. ಕುಡುಕನೂ ಬತಾದ ನಡುವೆ ತುಟಿ ಬಿಚ್ಚುವುದಿಲ್ಲ. ಬುರುಲ್ ಬೊಗಸೆ ಹಿಡಿದಳು. ಕೋಣೆ ತುಂಬ ಬೊಗಸೆಗಳು ಅರಳಿದವು. ಜಪಾರ್, ಉಮ್ಸುನಾಯ್, ಮುದುಕಿಯರು, ಬೀಗರು, ಬಾಗಿಲ ಬಳಿ ಕೂತ ಕುಬಾತ್, ಮುಸುಕಿನೊಳಗಿನಿಂದ ಚಿನಾರಾ. ಹುಟ್ಟಿದಾರಭ್ಯ ಮೊದಲ ಸಲ ಇಷ್ಟು ಜನ ಅವಳ ಮಾತಿಗೆ ಸುಮ್ಮನೆ ಕಾಯುತ್ತಿದ್ದರು.

"ಈ ಮಕ್ಕಳ ಒಲೆ ಆರದೆ ಇರಲಿ," ಎಂದಳು. "ಹೊಸಿಲು ಗಟ್ಟಿ ಇರಲಿ. ಕುರಿ ಕುದುರೆ ಹೆಚ್ಚಲಿ. ಬಾಗಿಲಿಗೆ ಬಂದವರು ಉಂಡು ಹೋಗಲಿ." ತಲೆಗಳು ಆಡಿದವು. ಉಮ್ಸುನಾಯ್ ಸಮಾಧಾನದ ಉಸಿರು ಬಿಟ್ಟಳು. "ಕತ್ತಲಾದರೆ ಇಬ್ಬರಿಗೂ ನಿದ್ದೆ ಬರಲಿ. ನಿದ್ದೆ ಬಾರದ ದಿನ ಅದನ್ನ ಯಾರೂ ಖುಷಿ ಅನ್ನದಿರಲಿ, ಶಕ್ತಿ ಅನ್ನದಿರಲಿ. ನನ್ನ ಕೈ ನಡುಗಿದ್ದು ಉಪ್ಪು ಬಿಟ್ಟಿದ್ದಕ್ಕೆ. ನನಗೆ ಹಿರಿಯರು ಇಳಿದಿಲ್ಲ. ನನಗೆ ಇರೋದು ಕಾಯಿಲೆ. ಅದಕ್ಕೆ ಬೈಪೋಲಾರ್ ಅಂತಾರೆ. ಮಗಳ ಶಾಲೆಯಲ್ಲಿ ಮೇಜು ಹತ್ತಿ ಹಾಡಿದ್ದು ಆ ಕಾಯಿಲೆ. ಇಷ್ಟು ವರ್ಷ ಬದುಕಿರೋದು ಮಾತ್ರೆ ನುಂಗಿ, ನಮಾಜು ಮಾಡಿ, ಹೊತ್ತಿಗೆ ಮಲಗಿ. ದೇವರೇ, ಈ ಮನೆಯಲ್ಲಾಗಲಿ ಆ ಮನೆಯಲ್ಲಾಗಲಿ ಯಾರದೇ ಮಾತ್ರೆ ಒಲೆಗೆ ಬೀಳದಿರಲಿ. ಭಯ ಆಗ್ತಿದೆ ಅಂತ ಯಾವ ಮಗು ಹೇಳಿದ್ರೂ ಅದನ್ನ ಕೇಳೋ ಕಿವಿ ಒಂದಿರಲಿ."

ಉಮ್ಸುನಾಯ್ ಮುಖ ಸುಣ್ಣದ ಹಾಗಾಗಿತ್ತು. ತುಟಿ ತೆರೆಯಿತು, ಬತಾದ ನಡುವೆ ಇದ್ದೇನೆಂದು ನೆನಪಾಗಿ ಮುಚ್ಚಿತು. ಜಪಾರ್ ಬೊಗಸೆಯನ್ನೇ ನೋಡುತ್ತಿದ್ದ. ಕಾಲಿಚಾಳ ಕುತ್ತಿಗೆ ಕೆಂಪಾಯಿತು, ಕಣ್ಣು ಕಿರಿದಾಯಿತು. ನಮಗೆ ಮೋಸ ಮಾಡಿದಿರಿ ಎಂದು ಆ ಕಣ್ಣು ಬಾಯಿಗಿಂತ ಗಟ್ಟಿಯಾಗಿ ಹೇಳಿತು. ಇಲ್ಲಿಗೆ ಮುಗಿಸಿ ಎದ್ದುಬಿಡೋಣವೆಂದು ಕಾಲಿಚಾ ಎರಡೂ ಕೈಯನ್ನು ಮುಖದ ಕಡೆಗೆ ಎತ್ತಿದಳು. ಅಷ್ಟರಲ್ಲಿ ಕುಬಾತ್ ಬಾಗಿಲ ಬಳಿಯಿಂದ ಮೊಣಕಾಲಲ್ಲೇ ಸರಿದು ಬಂದು ತಾಯಿಯ ಮುಂಗೈ ಹಿಡಿದ. ಅವನ ಮುಖದಲ್ಲಿ ನಗು ಇರಲಿಲ್ಲ. ಹಿಡಿದ ಕೈಯನ್ನು ಮೆಲ್ಲಗೆ ಕೆಳಗೆ ತಂದು, ಮತ್ತೆ ಬೊಗಸೆ ಮಾಡಿಸಿ, ಪಕ್ಕದಲ್ಲಿ ತನ್ನದನ್ನೂ ಹಿಡಿದು ಕೂತ. ಚಿನಾರಾಳ ಮುಸುಕು ಅದುರುತ್ತಿತ್ತು. ಅಳುವೋ ಸಿಟ್ಟೋ ಬುರುಲ್‌ಗೆ ತಿಳಿಯಲಿಲ್ಲ, ಆದರೆ ಹುಡುಗಿ ಕೈ ಇಳಿಸಿರಲಿಲ್ಲ.

ಮುದುಕಿಯೊಬ್ಬಳು ತೋಳು ಸೋತು ನರಳಿದಳು.

"ಯಾರೂ ಕೈ ಇಳಿಸಬೇಡಿ," ಎಂದಳು ಬುರುಲ್. "ನಾನಿನ್ನೂ ಮುಗಿಸಿಲ್ಲ."